ಟವೆಲ್ ಹಾಕಿಟ್ಟ ಕೋಣೆ

ಬೀದಿಯವರೆಲ್ಲ ಅವಳನ್ನು ಬೋರ್ಡಕ್ಕ ಎಂದೇ ಕರೆಯುತ್ತಿದ್ದರು. ಆ ಬೀದಿಯಲ್ಲಿ ತಲೆ ಎತ್ತಿದರೆ ಕಾಣುವ ಅಕ್ಷರಗಳಲ್ಲಿ ಮುಕ್ಕಾಲು ಪಾಲು ಅವಳ ಕೈಯವು. ಕನ್ನಡಕದಂಗಡಿಯ ದುಂಡು ಅಕ್ಷರ, ಬೀಗ ರಿಪೇರಿಯವನ ಕೆಂಪು ಅಕ್ಷರ, ಹಲ್ಲಿನ ಡಾಕ್ಟರ ಬಾಗಿಲ ಮೇಲಿನ ಬೆಳ್ಳನೆಯ ಅಕ್ಷರ. ಈಗೀಗ ಎಲ್ಲರೂ ಪ್ರಿಂಟು ಹೊಡೆಸಿದ ಫ್ಲೆಕ್ಸ್ ತೂಗುಹಾಕುತ್ತಿದ್ದರಿಂದ ಕೆಲಸ ಕಡಿಮೆಯಾಗಿತ್ತು. “ಫ್ಲೆಕ್ಸು ಬಿಸಿಲಿಗೆ ಮುಖ ಬಿಳಿಚಿಕೊಳ್ಳುತ್ತೆ. ಆಗ ಬರ್ತಾರೆ ಬಿಡಿ,” ಎನ್ನುತ್ತಿದ್ದಳು. ಬರುತ್ತಲೂ ಇದ್ದರು, ಎಲ್ಲರೂ ಅಲ್ಲ.

ಬೋರ್ಡು ಬರೆಯುವ ವಿದ್ಯೆ ಕೊಟ್ಟವನು ಅಣ್ಣ. ಓದು ತಲೆಗೆ ಹತ್ತದೆ ಅವಳು ಶಾಲೆ ಬಿಟ್ಟಾಗ ಅಪ್ಪ ತಲೆಯ ಮೇಲೆ ಕೈ ಹೊತ್ತು ಕೂತಿದ್ದರು. ಅಣ್ಣ ಮಾತ್ರ ಅವಳ ಕೈಗೊಂದು ಬ್ರಷ್ ಕೊಟ್ಟು, “ಓದೋಕೆ ಬರಲ್ಲ ತಾನೆ, ಬರಿ” ಎಂದಿದ್ದ. ಇಂಗ್ಲಿಷನ್ನಂತೂ ಅವಳು ಓದಿದ್ದಕ್ಕಿಂತ ಬರೆದದ್ದೇ ಹೆಚ್ಚು. ಆರ್ ಎಂದರೆ ಅವಳಿಗೆ ಒಂದು ಕಾಲು ಚಾಚಿ ಕೂತ ಹೆಂಗಸು, ಬಿ ಎಂದರೆ ಬಸುರಿ. ಯಾವ ಪದ ಎಲ್ಲಿಗೆ ಎಂಬುದನ್ನು ಅಂಗಡಿಯವರ ಬಾಯಿಂದ ಕೇಳಿಯೇ ಕಲಿತಿದ್ದಳು.

ಅಣ್ಣ ಮತ್ತೆ ಮತ್ತೆ ಹೇಳುತ್ತಿದ್ದ ಪಾಠ ಒಂದೇ. “ಅಕ್ಷರ ಯಾರು ಬೇಕಾದ್ರೂ ಬರೀತಾರೆ ಕಣೆ. ನಡುವಿನ ಜಾಗ ಬರಿಯೋದೇ ಕಷ್ಟ.” ನೆಟ್ಟಗೆ ನಿಂತ ಎರಡು ಅಕ್ಷರಗಳ ನಡುವೆ ಉಸಿರಾಡುವಷ್ಟು ದೂರ ಬೇಕು. ಆದರೆ ಇಂಗ್ಲಿಷಿನ ವಿ ಪಕ್ಕದಲ್ಲಿ ಎ ಬಂದರೆ ಅಳತೆಪಟ್ಟಿಯನ್ನು ಬದಿಗಿಡಬೇಕು. ವಿಯ ಬಲಗೆರೆ ಯಾವ ಕಡೆ ವಾಲಿರುತ್ತದೋ ಎಯ ಎಡಗೆರೆಯೂ ಅದೇ ಕಡೆ ವಾಲಿರುತ್ತದೆ. ಅಳತೆಯಂತೆ ಬರೆದರೆ ನಡುವೆ ಬಿರುಕು ಬಿಟ್ಟಂತೆ ಕಾಣುತ್ತದೆ. ಒಂದರ ಇಳಿಜಾರಿನೊಳಗೆ ಇನ್ನೊಂದನ್ನು ಮೆಲ್ಲಗೆ ಸರಿಸಬೇಕು. ಅವಳಿಗೆ ಆ ಜೋಡಿ ಬೇಗ ಕೈಗೂಡಲಿಲ್ಲ. ಅವಳು ಬರೆದದ್ದನ್ನು ಅಣ್ಣ ಸೀಮೆಎಣ್ಣೆಯ ಬಟ್ಟೆಯಲ್ಲಿ ಒರೆಸಿಹಾಕಿ, “ಇನ್ನೊಂದ್ಸಲ” ಎನ್ನುತ್ತಿದ್ದ.

ಆ ಅಣ್ಣ ತೀರಿಕೊಂಡು ವರ್ಷ ಕಳೆದಿತ್ತು. ಕೆಳಗೆ ಅಂಗಡಿ, ಅದರ ಹಿಂದೆ ಅಡುಗೆಮನೆ ಮತ್ತೊಂದು ಕೋಣೆ, ಹೊರಗಿನ ಮೆಟ್ಟಿಲು ಹತ್ತಿದರೆ ಮಹಡಿಯ ಮೇಲೆ ಅಣ್ಣನ ಕೋಣೆ. ಅಲ್ಲೇ ಅವನು ಕೆಲಸ ಮಾಡುತ್ತಿದ್ದ, ಅಲ್ಲೇ ಅವನೂ ಅತ್ತಿಗೆಯೂ ಇದ್ದರು. ಅವನು ತೀರಿಕೊಂಡ ವಾರವೇ ಅತ್ತಿಗೆ ತಮ್ಮ ಹಾಸಿಗೆಯನ್ನು ಕೆಳಗೆ ತಂದುಕೊಂಡರು. ಬೋರ್ಡಕ್ಕ ಕೋಣೆಗೆ ಬೀಗ ಹಾಕಿ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡಳು. ಬಣ್ಣದ ಡಬ್ಬಿ ಬೇಕೆಂದು ಹತ್ತುವಳು, ಅರ್ಧ ಗಂಟೆ ಬಿಟ್ಟು ಬರಿಗೈಯಲ್ಲಿ ಇಳಿಯುವಳು.

ಅತ್ತಿಗೆ ಸಣ್ಣ ಮಕ್ಕಳ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ಅವರು ಜಗಳ ಆಡುವವರಲ್ಲ, ಹೇಳಬೇಕಾದ್ದನ್ನು ಪಾಠ ಮಾಡಿದ ಹಾಗೆ ಒಮ್ಮೆ ಹೇಳುವವರು.

“ನೋಡು, ತಲೆ ಮೇಲೆ ಬೀಗ ಹಾಕಿದ ರೂಮು ಇಟ್ಟುಕೊಂಡು ನನಗೆ ಊಟ ಸೇರಲ್ಲ,” ಎಂದರು ಒಂದು ಬೆಳಿಗ್ಗೆ. “ಯಾರಿಗಾದ್ರೂ ಕೊಡೋಣ. ಓಡಾಡೋ ಸದ್ದು ಕೇಳಲಿ. ಇಲ್ಲದಿದ್ರೆ ನನ್ನ ತಮ್ಮ ಕರೀತಾನೇ ಇದಾನೆ, ನಾನು ಅಲ್ಲಿಗೆ ಹೋಗ್ತೀನಿ.”

ಬೋರ್ಡಕ್ಕನ ಕೈಯಲ್ಲಿದ್ದ ಲೋಟ ಅಲ್ಲೇ ನಿಂತಿತು. ನೆಂಟರು ಇವರಿಬ್ಬರನ್ನು ನೋಡಿ, ಅತ್ತಿಗೆ ನಾದಿನಿ ಅಂದ್ರೆ ಎಣ್ಣೆ ಸೀಗೆಕಾಯಿ ಅಂತಾರೆ, ನೀವೇನು ಹಾಲು ಸಕ್ಕರೆ ಆಗಿದೀರಲ್ಲ ಎಂದು ಚುಡಾಯಿಸುತ್ತಿದ್ದರು. ಅತ್ತಿಗೆ ಹೋದರೆ ಈ ಮನೆಯಲ್ಲಿ ತನ್ನನ್ನು ಹೆಸರು ಹಿಡಿದು ಕರೆಯುವವರೇ ಇರುವುದಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು.

“ಕೊಡೋಣ ಅತ್ತಿಗೆ,” ಎಂದಳು.

“ಹಾಗಾದ್ರೆ ಒಂದು ಬೋರ್ಡು ಬರಿ. ರೂಮು ಖಾಲಿ ಇದೆ ಅಂತ. ಇಂಗ್ಲಿಷಲ್ಲೇ ಬರಿ, ಪಕ್ಕದ ಆಸ್ಪತ್ರೆ ಕೆಲಸಕ್ಕೆ ಹೊರಗಿನವರೇ ಜಾಸ್ತಿ ಬರ್ತಾರೆ.”

ಖಾಲಿಗೆ ಇಂಗ್ಲಿಷಿನಲ್ಲಿ ಏನು ಎಂದು ಅವಳು ಯಾರನ್ನೂ ಕೇಳಬೇಕಿರಲಿಲ್ಲ. ಗ್ಯಾಸ್ ಸಿಲಿಂಡರಿನ ಗೋಡೌನಿನಲ್ಲಿ ಎರಡು ಗೋಡೆಗಳ ಮೇಲೆ ಎರಡು ಪದ ಬರೆದವಳೇ ಅವಳು. ತುಂಬಿದ್ದು ಒಂದು ಕಡೆ, ಖಾಲಿಯಾದದ್ದು ಇನ್ನೊಂದು ಕಡೆ. ಹಳೆಯ ತಗಡೊಂದನ್ನು ಕೆರೆದು ನೀಲಿ ಬಳಿದು, ‘ರೂಮ್ ಎಂಪ್ಟಿ’ ಎಂದು ಹಳದಿಯಲ್ಲಿ ಬರೆದು ಮೆಟ್ಟಿಲ ಕಂಬಿಗೆ ಕಟ್ಟಿದಳು.

ಮೊದಲು ನಕ್ಕವನು ಎದುರಿನ ಸೈಕಲ್ ಶಾಪಿನವನು. “ಏನು ಬೋರ್ಡಕ್ಕ, ರೂಮು ಎಂಪ್ಟಿ ಆಯ್ತಾ? ತುಂಬಿದ್ದು ಇಳಿಸೋಕೆ ಗಾಡಿ ಯಾವಾಗ ಬರುತ್ತೆ?”

ಅತ್ತಿಗೆ ಹೊರಗೆ ಬಂದು ಕನ್ನಡಕ ಏರಿಸಿಕೊಂಡು ನೋಡಿದರು. ಅವರ ತುಟಿಯೂ ಸ್ವಲ್ಪ ಸಡಿಲವಾಯಿತು.

“ವೇಕೆಂಟ್ ಅಂತ ಬರೀಬೇಕಿತ್ತು ಕಣೆ.”

“ಎರಡೂ ಖಾಲಿ ತಾನೆ?”

“ನಮಗೆ ಎರಡೂ ಖಾಲಿ. ಅವರಿಗೆ ಬೇರೆ ಬೇರೆ.” ಅತ್ತಿಗೆ ಮೆಟ್ಟಿಲ ಮೇಲೆ ಕೂತರು. ಪಾಠ ಮಾಡುವಾಗ ಅವರಿಗೆ ಕೂರಲು ಏನಾದರೂ ಬೇಕಿತ್ತು. “ಬಸ್ಸಲ್ಲಿ ಸೀಟಿಗೆ ಟವೆಲ್ ಹಾಕಿ ಟೀ ಕುಡಿಯೋಕೆ ಇಳೀತಾರಲ್ಲ, ಆ ಸೀಟಲ್ಲಿ ಯಾರಿದಾರೆ?”

“ಯಾರೂ ಇಲ್ಲ.”

“ಅಂದ್ರೆ ಎಂಪ್ಟಿ. ಹೋಗಿ ಕೂತ್ಕೋ ನೋಡೋಣ. ಏ, ಜನ ಇದಾರೆ ಏಳಮ್ಮ ಅಂತಾರೆ. ಎಂಪ್ಟಿ ಹೌದು, ವೇಕೆಂಟ್ ಅಲ್ಲ.”

“ವೇಕೆಂಟ್ ಆಗಿದ್ದೂ ಎಂಪ್ಟಿ ಅಲ್ಲದ್ದು ಇರುತ್ತಾ?”

“ಲಾಡ್ಜ್ ರೂಮು. ಮಂಚ, ಕುರ್ಚಿ, ಕನ್ನಡಿ ಎಲ್ಲ ತುಂಬಿರುತ್ತೆ. ಆದ್ರೂ ವೇಕೆಂಟ್. ಬರೋರಿಗೆ ಜಾಗ ಇದೆ ಅಂತ. ಎಂಪ್ಟಿ ಅನ್ನೋನು ಒಳಗೆ ಏನಿಲ್ಲ ಅಂತ ನೋಡ್ತಾನೆ, ವೇಕೆಂಟ್ ಅನ್ನೋನು ಯಾರು ಬರಬಹುದು ಅಂತ ನೋಡ್ತಾನೆ.”

ಬೋರ್ಡಕ್ಕ ತಗಡಿನ ಅಂಚಿನಲ್ಲಿ ಸೋರಿದ್ದ ಹಳದಿ ಹನಿಯನ್ನು ಉಗುರಿನಿಂದ ಕೆರೆದಳು. “ಹಾಗಾದ್ರೆ ಮೇಲಿನ ರೂಮು ಯಾವುದು?”

“ಕೀಲಿ ನಿನ್ನ ಸೆರಗಲ್ಲಿದೆ. ನನ್ನನ್ನ ಕೇಳ್ತೀಯಲ್ಲ,” ಎಂದು ಅತ್ತಿಗೆ ಎದ್ದರು.

ಬೋರ್ಡು ಬದಲಾಯಿಸುವ ಮೊದಲೇ, ಸಂಜೆ, ನರ್ಸ್ ಕೆಲಸಕ್ಕೆ ಹೊಸದಾಗಿ ಸೇರಿದ ಹುಡುಗಿಯೊಬ್ಬಳು ಬಂದಳು. ಹೆಗಲಲ್ಲಿ ಚೀಲ, ಕಾಲಲ್ಲಿ ದಿನವಿಡೀ ನಿಂತ ದಣಿವು. ಬೋರ್ಡಕ್ಕ ಬೀಗ ತೆಗೆದಳು. ಹುಡುಗಿ ಹೊಸ್ತಿಲ ಹೊರಗೇ ನಿಂತಳು.

ಮಂಚದ ಮೇಲೆ ಮಡಿಸಿದ ಚಾದರ, ಗೂಟದಲ್ಲಿ ಎರಡು ಅಂಗಿ, ಮಂಚದ ಕೆಳಗೆ ಜೋಡಿಸಿಟ್ಟ ಚಪ್ಪಲಿ. ಕಿಟಕಿಯ ಪಕ್ಕದ ಶೆಲ್ಫಿನ ತುಂಬ ಡಬ್ಬಿಗಳು. ಗೋಡೆಯ ಒಂದು ಮೂಲೆಯಲ್ಲಿ ಅಣ್ಣ ಬ್ರಷ್ ಒರೆಸಿ ಒರೆಸಿ ಮೂಡಿದ ಬಣ್ಣಗಳ ದಟ್ಟ ಗುರುತು. ಮೇಜಿನ ಮೇಲೆ ಒಂದು ಲೋಟ, ಅದೂ ತೊಳೆದು ಬೋರಲು ಹಾಕಿದ್ದು. ಎಲ್ಲೂ ಧೂಳಿರಲಿಲ್ಲ.

“ಇವರು ಯಾವಾಗ ಬರ್ತಾರೆ ಅಕ್ಕ?” ಎಂದು ಹುಡುಗಿ ಕೇಳಿದಳು.

ಬಂದುಹೋದ ನೆಂಟರೆಲ್ಲ ಹೇಗೆ ಹೋದರು ಎಂದು ಕೇಳಿದ್ದರು, ಎಷ್ಟು ವಯಸ್ಸು ಎಂದು ಕೇಳಿದ್ದರು. ಯಾವಾಗ ಬರ್ತಾರೆ ಎಂದು ಯಾರೂ ಕೇಳಿರಲಿಲ್ಲ. ಬೋರ್ಡಕ್ಕನಿಗೆ ಆ ಪ್ರಶ್ನೆಯನ್ನು ತಾನೇ ದಿನಾ ಮೆಟ್ಟಿಲು ಹತ್ತಿ ಕೇಳುತ್ತಿದ್ದೆನಲ್ಲ ಎನಿಸಿತು.

“ಬರಲ್ಲಮ್ಮ,” ಎಂದಳು. “ಹೋದ ವರ್ಷ ತೀರಿಕೊಂಡ್ರು. ನನ್ನ ಅಣ್ಣ.”

ಹುಡುಗಿ ತಲೆ ತಗ್ಗಿಸಿದಳು. “ಕ್ಷಮಿಸಿ ಅಕ್ಕ. ರೂಮು ಚೆನ್ನಾಗಿದೆ, ಗಾಳಿ ಬೆಳಕು ಎಲ್ಲ ಇದೆ. ಆದ್ರೆ ಯಾರದೋ ಜಾಗದಲ್ಲಿ ಬಂದು ಮಲಗಿದ ಹಾಗೆ ಅನ್ಸುತ್ತೆ ನನಗೆ.” ಇಳಿಯುವಾಗ ತಿರುಗಿ, “ಆ ಶೆಲ್ಫು ಮಾತ್ರ ತುಂಬ ಇಷ್ಟ ಆಯ್ತು. ಪುಸ್ತಕ ಇಡೋಕೆ ಅಂಥದ್ದೇ ಹುಡುಕ್ತಿದ್ದೆ,” ಎಂದಳು.

ಮೆಟ್ಟಿಲ ಬುಡದಲ್ಲಿ ಅತ್ತಿಗೆ ನಿಂತಿದ್ದರು. ಎಲ್ಲ ಕೇಳಿಸಿತ್ತು. ಒಳಗೆ ಹೋಗಿ, ಅಟ್ಟದ ಮೇಲಿದ್ದ ತಮ್ಮ ದೊಡ್ಡ ಬ್ಯಾಗನ್ನು ಕೋಲಿನಿಂದ ಎಳೆದು ಇಳಿಸಿ, ಒದ್ದೆ ಬಟ್ಟೆಯಲ್ಲಿ ಒರೆಸಿ ಗೋಡೆಗೆ ಆನಿಸಿಟ್ಟರು. ಆ ರಾತ್ರಿ ಇಬ್ಬರಿಗೂ ಊಟ ಸೇರಲಿಲ್ಲ.

ಮರುದಿನ ಬೋರ್ಡಕ್ಕ ಅಂಗಡಿ ತೆರೆಯಲಿಲ್ಲ. ಮೇಲೆ ಹೋಗಿ ಕಿಟಕಿ ಹಾರುಹೊಡೆದು, ಡಬ್ಬಿಗಳನ್ನು ಒಂದೊಂದಾಗಿ ಕೆಳಗಿನ ಅಂಗಡಿಗೆ ಸಾಗಿಸಿದಳು. ಗಟ್ಟಿಯಾದ ಬ್ರಷ್‌ಗಳನ್ನು ಎಸೆದಳು, ಮೃದುವಾಗುವಂಥವನ್ನು ಎಣ್ಣೆಯಲ್ಲಿ ನೆನೆಹಾಕಿದಳು. ಚಪ್ಪಲಿಯನ್ನು ಎತ್ತಿಕೊಂಡು ಸ್ವಲ್ಪ ಹೊತ್ತು ಮಂಚದ ಮೇಲೆ ಕೂತಳು. ಮತ್ತೆ ಎದ್ದಳು. ಮಂಚ ಉಳಿಯಿತು, ಮೇಜು ಉಳಿಯಿತು, ಒರೆಸಿದ ಶೆಲ್ಫ್ ಉಳಿಯಿತು. ಗೋಡೆಗೆ ಸುಣ್ಣ ಹೊಡೆಯಲು ಬಕೆಟ್ಟು ತಂದವಳು ಬಣ್ಣಗಳ ಮೂಲೆಗೆ ಬಂದಾಗ ನಿಂತು, ಅದೊಂದನ್ನು ಬಿಟ್ಟು ಉಳಿದದ್ದಕ್ಕೆ ಹೊಡೆದಳು. ಬರುವವರು ಕೇಳಿದರೆ ಹೇಳಿದರಾಯಿತು. ಕೇಳದಿದ್ದರೂ ಆಯಿತು.

ಆಮೇಲೆ ತಗಡನ್ನು ಬಿಚ್ಚಿ ತಂದು, ಎಂಪ್ಟಿಯ ಮೇಲೆ ನೀಲಿ ಬಳಿದು ಬಿಸಿಲಿಗಿಟ್ಟಳು. ಒಣಗಿದ ಮೇಲೆ ಅಳತೆಪಟ್ಟಿ ಹಿಡಿದು ಗೆರೆ ಎಳೆದಳು. ವಿ ಬರೆದು ಎ ಹತ್ತಿರ ಬಂದಾಗ ಪಟ್ಟಿಯನ್ನು ಕೆಳಗಿಟ್ಟಳು.

ಅತ್ತಿಗೆ ಬಂದು ಹಿಂದೆ ನಿಂತದ್ದು ಅವಳಿಗೆ ನೆರಳಿನಿಂದ ಗೊತ್ತಾಯಿತು. ಅವರ ಕೈಯಲ್ಲಿ ಬ್ಯಾಗಿತ್ತು. ಆದರೂ ಅವಳು ಕೈ ನಿಲ್ಲಿಸಲಿಲ್ಲ. ಹಸಿ ಗೆರೆಯ ನಡುವೆ ನಿಲ್ಲಿಸಿದರೆ ಗಂಟು ಬೀಳುತ್ತದೆ.

ಅತ್ತಿಗೆ ಬಗ್ಗಿ ನೋಡಿದರು. “ಏನೇ ಇದು, ಎ ಹೋಗಿ ವಿ ಮೇಲೆ ಬಿದ್ದುಬಿಟ್ಟಿದೆ?”

“ಬಿದ್ದಿಲ್ಲ ಅತ್ತಿಗೆ,” ಎಂದಳು ಬೋರ್ಡಕ್ಕ, ಬ್ರಷ್ ಎತ್ತಿದ ಮೇಲೆ. “ಒರಗಿಕೊಂಡಿದೆ.”

ಅಂಗಡಿಯ ಬೆಂಚಿನ ಮೇಲೆ ಅಣ್ಣನ ಎರಡು ಅಂಗಿ, ಚಾದರ, ಕಾಗದದಲ್ಲಿ ಸುತ್ತಿದ ಚಪ್ಪಲಿ ಇದ್ದವು. ಅತ್ತಿಗೆ ಅಲ್ಲಿ ಕೂತು ಬ್ಯಾಗಿನ ಜಿಪ್ ಎಳೆದರು. ಅದು ಖಾಲಿಯಿತ್ತು. ಅಂಗಿಗಳನ್ನು ಮತ್ತೊಮ್ಮೆ ಮಡಿಸಿ, ಒಂದರ ಮೇಲೊಂದು ಅದರೊಳಗೆ ಇಡತೊಡಗಿದರು.

“ಅಟ್ಟದ ಮೇಲೆ ಇಡೋಣ,” ಎಂದರು. “ನೀನು ಬೋರ್ಡು ಮುಗಿಸು, ಆಮೇಲೆ ಎತ್ತಿಕೊಡು. ನನಗೆ ಕೈ ಎಟುಕಲ್ಲ.”