ನಾನ್ಯಾರು ಹೇಳು ನೋಡೋಣ

"ಗದ್ದ ಇಲ್ಲಿಡಿ ಮೇಡಂ. ಹಣೆ ಒತ್ತಿ. ರೆಪ್ಪೆ ಬಡೀಬೇಡಿ."

ಮಷಿನ್ ನನ್ನ ಕಣ್ಣಿಗೆ ಫುಸ್ ಎಂದು ಗಾಳಿ ಊದಿತು. ರೆಪ್ಪೆ ಬಡಿದೆ. ಮತ್ತೆ ಊದಿತು. ಮತ್ತೆ ಬಡಿದೆ. ಮೂವತ್ತು ವರ್ಷ ತಿಪಟೂರಿನ ಹೈಸ್ಕೂಲಿನಲ್ಲಿ ಮಕ್ಕಳಿಗೆ 'ಅಲ್ಲಾಡದೆ ಕೂತ್ಕೊಳ್ರೋ' ಎಂದು ಗದರಿದವಳು ನಾನು. ಐದನೇ ಸಲಕ್ಕೆ ಮಷಿನ್ ಗೆದ್ದಿತು.

ಡಾಕ್ಟರ್ ಚಿಕ್ಕ ವಯಸ್ಸಿನ ಹುಡುಗಿ. ಸುತ್ತಿ ಬಳಸಿ ಮಾತಾಡಲಿಲ್ಲ. "ಕಣ್ಣಿನ ಪ್ರೆಶರ್ ಜಾಸ್ತಿ ಇದೆ ಮೇಡಂ. ಗ್ಲಾಕೋಮಾ. ಹೋಗಿರೋ ನೋಟ ವಾಪಸ್ ಬರಲ್ಲ, ಇರೋದನ್ನ ಉಳಿಸ್ಕೊಳ್ಳೋಣ. ನಿಮ್ಮ ಮನೇಲಿ ಇನ್ಯಾರಿಗಾದ್ರೂ ಇದೆಯಾ?"

"ನಮ್ಮ ದೊಡ್ಡಮ್ಮನಿಗೆ ಎರಡೂ ಕಣ್ಣು ಹೋಗಿದೆ."

"ಅಮ್ಮನ ಅಕ್ಕನಾ?"

"ಅಲ್ಲ, ದೊಡ್ಡಪ್ಪನ ಹೆಂಡತಿ."

ಬರೆಯಲು ಎತ್ತಿದ ಪೆನ್ನನ್ನು ಕೆಳಗಿಟ್ಟಳು. "ರಕ್ತಸಂಬಂಧ ಅಲ್ಲವಲ್ಲ. ಹಾಗಾದ್ರೆ ಅದು ಲೆಕ್ಕಕ್ಕೆ ಬರಲ್ಲ."

ದಿನಕ್ಕೆರಡು ಸಲ ಡ್ರಾಪ್ಸ್ ಬರೆದುಕೊಟ್ಟಳು. ಮನೆಗೆ ಬಂದವಳು ಸುಮ್ಮನಿರಬಹುದಿತ್ತು. ಇರಲಿಲ್ಲ. ಸಿಕ್ಕಸಿಕ್ಕವರನ್ನು ಒಂದೇ ಪ್ರಶ್ನೆ ಕೇಳುವ ಚಟ ಹತ್ತಿಸಿಕೊಂಡೆ. ಎರಡರಲ್ಲಿ ಒಂದು ಹೋಗಲೇಬೇಕು ಅಂದರೆ ನಿಮಗೆ ಯಾವುದು ಹೋದರೆ ಪರವಾಗಿಲ್ಲ, ಕಣ್ಣೋ ಬುದ್ಧಿಯೋ?

ಯಜಮಾನರು ಮೊಬೈಲಿನಿಂದ ತಲೆ ಎತ್ತದೆ, "ಕಣ್ಣು ಹೋದ್ರೆ ಇದನ್ನ ನೋಡೋದು ಹೆಂಗೆ?" ಎಂದರು. (ಅವರ ಮಟ್ಟಿಗೆ ಬುದ್ಧಿಯ ಪ್ರಶ್ನೆಯೂ ಅಲ್ಲಿಗೇ ತೀರ್ಮಾನವಾಯಿತು.) ಬೆಳಗಿನ ವಾಕಿಂಗ್ ಗೆಳತಿ, "ಬುದ್ಧಿ ಹೋದ್ರೆ ಕಷ್ಟ ನಮಗಲ್ಲ ಕಣ್ರೀ, ಮನೆಯೋರಿಗೆ" ಎಂದಳು.

ನನ್ನ ಉತ್ತರವೂ ರೆಡಿ ಇತ್ತು. ಬುದ್ಧಿಯೇ ಹೋಗಲಿ. ಕಣ್ಣು ಹೋದರೆ ದಿನಾ ಬೆಳಗ್ಗೆ ಅದು ಗೊತ್ತಾಗುತ್ತದೆ. ಬುದ್ಧಿ ಹೋದರೆ ಹೋಗಿದ್ದೇ ಗೊತ್ತಾಗುವುದಿಲ್ಲ, ಆರಾಮ. ಹೀಗೆ ನಾಲ್ಕು ಜನಕ್ಕೆ ಹೇಳಿದೆ. ಜಾಣತನದ ಮಾತು ಅನ್ನಿಸಿತ್ತು. ನಿಜ ಹೇಳಬೇಕೆಂದರೆ, ಕುರುಡಾಗುವ ಹೆದರಿಕೆ ಎದೆಯ ಮೇಲೆ ಕೂತಿತ್ತು.

ಕಣ್ಣು ಹೋದ ಮೇಲೆ ಹೇಗಿರುತ್ತದೆ ಎಂದು ಹೋದವರನ್ನೇ ಕೇಳಿದರಾಯಿತು ಎಂದು ಒಂದು ಭಾನುವಾರ ತವರಿಗೆ ಹೊರಟೆ. ದಂಡಿನಶಿವರದಿಂದ ಒಳಕ್ಕೆ ಹೋಗಬೇಕಾದ ಊರು. ಮನೆಯಲ್ಲಿ ದೊಡ್ಡಮ್ಮ, ಚಿಕ್ಕಮ್ಮ, ಚಿಕ್ಕಮ್ಮನ ಮಗ ಶಿವು, ಅವನ ಹೆಂಡತಿ, ಮಕ್ಕಳು. ದೊಡ್ಡಮ್ಮನಿಗೆ ಮಕ್ಕಳಿಲ್ಲ. ದೊಡ್ಡಪ್ಪ, ಚಿಕ್ಕಪ್ಪ ಇಬ್ಬರೂ ಇಲ್ಲ. ಉಳಿದಿರುವುದು ವಾರಗಿತ್ತಿಯರು. ನಾನು ಕಂಡ ಹಾಗೆ ನಲವತ್ತು ವರ್ಷ ಆ ಇಬ್ಬರೂ ಸಾರಿನ ಉಪ್ಪಿನಿಂದ ಹಿಡಿದು ಹಸುವಿನ ಹಗ್ಗದ ತನಕ ಜಗಳವಾಡಿದ್ದಾರೆ.

ವಾರಗಿತ್ತಿ ಜಗಳದ ಬಗ್ಗೆ ನನಗೆ ಯಾರೂ ಪಾಠ ಹೇಳಬೇಕಿಲ್ಲ. ನನ್ನ ವಾರಗಿತ್ತಿ ನನ್ನ ಜೊತೆ ಮಾತು ಬಿಟ್ಟು ಮೂರು ವರ್ಷ. ಅವಳು ಗೃಹಪ್ರವೇಶಕ್ಕೆ ಕೊಟ್ಟ ಸೀರೆಯನ್ನು ನಾನು ಇನ್ನೊಂದು ಫಂಕ್ಷನ್ನಿನಲ್ಲಿ ಅವಳ ತಂಗಿಗೇ ಉಡುಗೊರೆ ಕೊಟ್ಟುಬಿಟ್ಟೆ. ಮರೆತು ಕೊಟ್ಟೆ ಎಂದರೆ ನಂಬಲಿಲ್ಲ. "ಅದನ್ನೆಲ್ಲಾ ಯಾರಾದ್ರೂ ಮರೀತಾರಾ?" ಎಂದು ಫೋನ್ ಇಟ್ಟವಳು ಮತ್ತೆ ಮಾಡಲಿಲ್ಲ. ನಾನೂ ಮಾಡಲಿಲ್ಲ. (ನನಗೂ ಕೊಬ್ಬು ಕಡಿಮೆಯೇನಿಲ್ಲ.)

ತವರಿನ ಅಂಗಳಕ್ಕೆ ಇನ್ನೂ ಕಾಲಿಟ್ಟಿರಲಿಲ್ಲ, ಜಗಲಿ ಮೇಲಿಂದ ದೊಡ್ಡಮ್ಮ ಗಟ್ಟಿಯಾಗಿ ಕೂಗಿದಳು. "ಓ, ಗಿರಿಜಾ ಬಂದ್ಲು. ನಮ್ ಬಸಣ್ಣನ ಮಗಳು, ತಿಪಟೂರಿನೋಳು."

ನನಗೇ ನನ್ನ ಪರಿಚಯ ಮಾಡಿಕೊಟ್ಟಂತಾಯಿತು. ಹೆಜ್ಜೆ ಸದ್ದಿನಲ್ಲೇ ಆಳು ಹಿಡಿಯುವ ಜಂಬ ಅಂದುಕೊಂಡೆ. ಒಳಗಿಂದ ಚಿಕ್ಕಮ್ಮ ನಗುತ್ತಾ ಬಂದಳು. "ಬಾ ಗಿರಿಜಾ. ಅಪ್ಪ ಚೆಂದಾಗವ್ರಾ?"

ಅಪ್ಪ ತೀರಿಕೊಂಡು ಆರು ವರ್ಷ. ನಾನು ಬಾಯಿ ತೆರೆಯುವುದರೊಳಗೆ ದೊಡ್ಡಮ್ಮ, "ನಿಮ್ ಯಜಮಾನ್ರನ್ನ ಕೇಳ್ತಾವ್ಳೆ ಕಣೇ" ಎಂದಳು. ಇರಬೇಕು, ಬಾಯಿ ತಪ್ಪಿ ಬಂದಿರಬೇಕು ಎಂದು ಚಪ್ಪಲಿ ಬಿಟ್ಟೆ.

ಅವತ್ತು ಮನೆಯಲ್ಲಿ ಕಾಯಿ ಆರಿಸುವ ಕೆಲಸ. ನಮ್ಮ ಕಡೆಯವರಿಗೆ ಇದನ್ನು ಹೇಳಬೇಕಿಲ್ಲ, ಬೇರೆ ಊರಿನ ಓದುಗರಿಗಾಗಿ ಹೇಳುತ್ತೇನೆ. ತೆಂಗಿನಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕಿದರೆ ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಹಿಂಗಿ, ಕೊಬ್ಬರಿ ಕರಟ ಬಿಟ್ಟು ಉಂಡೆಯಾಗುತ್ತದೆ. ಆಗಿದೆಯೋ ಇಲ್ಲವೋ ಎಂದು ಹೊರಗಿನಿಂದ ಕಾಣುವುದಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಬೇಕು. ಲೊಟಲೊಟ ಎಂದರೆ ಒಣಗಿದೆ, ಒಡೆಯುವವನಿಗೆ ಹೋಗಬಹುದು. ಗುಳುಗುಳು ಎಂದರೆ ಇನ್ನೂ ನೀರಿದೆ, ವಾಪಸ್ ಅಟ್ಟಕ್ಕೆ. ಹಸಿಯದನ್ನು ಒಡೆದರೆ ಕೊಬ್ಬರಿ ಚೂರಾಗುತ್ತದೆ, ವರ್ಷದ ಕಾಯುವಿಕೆ ಹಾಳು.

ಶಿವು ಅಟ್ಟದಿಂದ ಒಂದು ರಾಶಿ ಇಳಿಸಿ ತೋಟಕ್ಕೆ ಹೋದ. ದೊಡ್ಡಮ್ಮ ಈ ಕಡೆ, ಚಿಕ್ಕಮ್ಮ ಆ ಕಡೆ, ನಡುವೆ ನಾನು. ಇಬ್ಬರ ಪಕ್ಕದಲ್ಲೂ ಒಣಗಿದ್ದಕ್ಕೊಂದು ಗುಡ್ಡೆ, ಹಸಿಯದಕ್ಕೊಂದು ಗುಡ್ಡೆ. ನಾನು ಮೆಲ್ಲಗೆ ನನ್ನ ವಿಷಯ ತೆಗೆದೆ. ಕಣ್ಣು ಹೋಗುವುದು ಹೇಗಿರುತ್ತದೆ ದೊಡ್ಡಮ್ಮ?

"ಮೊದ್ಲು ಪಕ್ಕದ್ದು ಹೋಯ್ತು, ಆಮೇಲೆ ನಡುವಿಂದೂ ಹೋಯ್ತು. ಎರಡು ವರ್ಸ ಹೊಸಿಲು ಎಡವಿದೆ. ಆಮೇಲೆ ಹೊಸಿಲು ಎಲ್ಲೈತೆ ಅಂತ ಕಾಲೇ ಕಲ್ತ್ಕೊಂತು." ಕಿವಿಗೆ ಹಿಡಿದ ಕಾಯಿ ಅಲ್ಲಾಡಿಸಿ ಪಕ್ಕಕ್ಕಿಟ್ಟಳು. "ಅತ್ತಿದ್ದೀನಿ ಕಣೇ, ಇಲ್ಲ ಅನ್ನಲ್ಲ. ಆದ್ರೆ ಎಲ್ರೂ ಕೈ ಹಿಡ್ಕಂಡು ಕರ್ಕೊಂಡೋಯ್ತಾರೆ. ಕಣ್ಣಿದ್ದಾಗ ನಂಗೆ ಇಷ್ಟು ಮರ್ಯಾದೆ ಇರ್ಲಿಲ್ಲ ಬುಡು."

ಚಿಕ್ಕಮ್ಮ ನಕ್ಕಳು. "ಕಾಫಿ ಮಾಡ್ಕೊಂಡು ಬತ್ತೀನಿ" ಎಂದು ಎದ್ದು ಒಳಗೆ ಹೋದಳು.

ಅವಳ ಹೆಜ್ಜೆ ಅಡುಗೆಮನೆ ಮುಟ್ಟಿದ್ದೇ ತಡ, ದೊಡ್ಡಮ್ಮ ಮುಂದಕ್ಕೆ ಬಾಗಿ ಚಿಕ್ಕಮ್ಮನ ಗುಡ್ಡೆಗೆ ಕೈ ಹಾಕಿದಳು. ಅವಳು ಆರಿಸಿಟ್ಟ ಒಂದೊಂದೇ ಕಾಯಿ ಎತ್ತಿ, ಅಲ್ಲಾಡಿಸಿ, ಕೆಲವನ್ನು ಅಲ್ಲೇ ಬಿಟ್ಟು ಕೆಲವನ್ನು ಇನ್ನೊಂದು ಗುಡ್ಡೆಗೆ ಸರಿಸತೊಡಗಿದಳು.

ನನಗೆ ಸಿಟ್ಟು ಬಂತು. ಈ ವಯಸ್ಸಿನಲ್ಲೂ ವಾರಗಿತ್ತಿಯ ಕೆಲಸದ ಮೇಲೆ ಪೊಲೀಸ್‌ಗಿರಿಯೇ? "ಅಲ್ಲಾ ದೊಡ್ಡಮ್ಮ, ಅವಳು ಮಾಡಿದ್ದನ್ನ ಯಾಕೆ ಮತ್ತೆ ನೋಡ್ತೀಯಾ? ಅವಳಿಗೇನು ಕಿವಿ ಇಲ್ವಾ?"

ದೊಡ್ಡಮ್ಮ ಚಿಕ್ಕಮ್ಮನ ಒಣಗಿದ ಗುಡ್ಡೆಯಿಂದ ಒಂದು ಕಾಯಿ ತೆಗೆದು ನನ್ನ ಕೈಗಿಟ್ಟಳು. ಅಲ್ಲಾಡಿಸಿದೆ. ಗುಳುಗುಳು. ಇನ್ನೊಂದು ಕೊಟ್ಟಳು. ಅದೂ ಗುಳುಗುಳು.

"ಕಿವಿ ಐತೆ ಕಣೇ. ಚೆಂದಾಗಿ ಕೇಳಿಸ್ತದೆ. ಕಿವಿಯಿಂದ ಕೈ ಕೆಳಕ್ಕೆ ಬರೋ ಅಷ್ಟ್ರಲ್ಲಿ ಏನು ಕೇಳಿಸ್ತು ಅಂತ ಮರ್ತೋಯ್ತದೆ. ಒಂದು ವರ್ಸದಿಂದ ಹಿಂಗೇ. ಯಾರಿಗೂ ಹೇಳ್ಬೇಡ."

ಹೋದ ಸಲ ಹೀಗೇ ಒಂದಷ್ಟು ಹಸಿ ಕಾಯಿ ತಪ್ಪಿ ಒಡೆಯುವವನ ಕೈಗೆ ಹೋಗಿತ್ತಂತೆ. ಶಿವು ಬಂದು ಯಾರು ಆರಿಸಿದ್ದು ಎಂದು ಕೂಗಾಡಿದನಂತೆ. "ನಾನೇ ಕಣಪ್ಪ, ಕಣ್ಣಿಲ್ದೋಳು, ತಪ್ತು ಅಂದೆ. ಸುಮ್ಕಾದ. ಪಾಪ, ನೀನ್ಯಾಕೆ ಕಷ್ಟ ಪಡ್ತೀಯ ಅಂತ ಕಾಫಿ ಬೇರೆ ತರ್ಸಿದ."

"ದೊಡ್ಡಮ್ಮ, ಕಾಯಿ ಆರಿಸೋಕೆ ಕಣ್ಯಾಕೆ ಬೇಕು?"

"ಅದು ಯಾರಿಗೂ ಹೊಳೀಲಿಲ್ಲ ನೋಡು."

ಈಗ ಹೇಳಿ. ಹುಟ್ಟಿದಾಗಿನಿಂದ ಕಾಯಿ ಅಲ್ಲಾಡಿಸುತ್ತಾ ಬೆಳೆದ ಮನೆಮಂದಿಗೆಲ್ಲ ಕಣ್ಣಿಲ್ಲದವಳು ತಪ್ಪಿದಳು ಎಂದ ಕೂಡಲೇ ನಂಬಿಕೆ ಬಂತು. ಕಣ್ಣು ಹೋಗಿದೆ ಎಂದರೆ ಅಂಥಾ ರಿಯಾಯಿತಿ ನಮ್ಮಲ್ಲಿ. ಚಿಕ್ಕಮ್ಮನ ಹೆಸರು ಬಂದಿದ್ದರೆ? ಮೊದಲು ಕಾಯಿ ಕಸಿಯುತ್ತಾರೆ, ಆಮೇಲೆ ಒಲೆ, ಆಮೇಲೆ ಬೀಗದ ಕೈ. ಇದ್ದೂ ಇಲ್ಲದವಳ ಹಾಗೆ ಮೂಲೆಯಲ್ಲಿ ಕೂರಿಸುತ್ತಾರೆ. ಅದಕ್ಕೆ ದೊಡ್ಡಮ್ಮ ತನ್ನ ಕುರುಡನ್ನು ಅವಳಿಗೆ ಸಾಲ ಕೊಟ್ಟಿದ್ದಳು. ನಾನೂ ಸೀರೆ ಜಗಳದ ದಿನ 'ಮರೆತೆ' ಎನ್ನುವ ಬದಲು 'ಕಣ್ಣು ಮಂಜು, ಸೀರೆ ಗುರುತು ಸಿಗಲಿಲ್ಲ' ಎಂದಿದ್ದರೆ ನನ್ನ ವಾರಗಿತ್ತಿಯೂ ನಂಬುತ್ತಿದ್ದಳೇನೋ.

ಅಷ್ಟರಲ್ಲಿ ಪಕ್ಕದ ಬೀದಿಯ ಹೆಂಗಸೊಬ್ಬರು ಹಾಲಿಗೆ ಹಾಕಲು ಹೆಪ್ಪು ಕೇಳಿಕೊಂಡು ಬಂದರು. ದೊಡ್ಡಮ್ಮನ ಮುಂದೆ ನಿಂತು, "ನಾನ್ಯಾರು ಹೇಳು ನೋಡೋಣ?" ಎಂದರು. ದೊಡ್ಡಮ್ಮ ಬೇಕೆಂದೇ ಬೇರೆ ಹೆಸರು ಹೇಳಿ, ಆಮೇಲೆ ಸರಿ ಹೆಸರು ಹೇಳಿದಳು. ಎಲ್ಲರೂ ನಕ್ಕರು. ಕಾಫಿ ಹಿಡಿದು ಬರುತ್ತಿದ್ದ ಚಿಕ್ಕಮ್ಮ ಬಾಗಿಲಲ್ಲಿ ನಿಂತುಬಿಟ್ಟಳು. ಮುಖದಲ್ಲಿ ಗಾಬರಿ. ತಕ್ಷಣ ದೊಡ್ಡಮ್ಮ ಗಟ್ಟಿಯಾಗಿ, "ಪಾರ್ವತೀ, ಮೂಲೆಮನೆ ರತ್ನ ಬಂದವ್ಳೆ, ಹೆಪ್ಪು ಕೊಡೇ" ಎಂದಳು. ಚಿಕ್ಕಮ್ಮನ ಮುಖ ಅರಳಿತು. "ಬಾ ರತ್ನ" ಎಂದಳು.

ಬೆಳಗ್ಗೆ ನನಗೆ ಮಾಡಿಕೊಟ್ಟ ಪರಿಚಯ ಯಾರಿಗಾಗಿ ಎಂದು ಆಗ ತಿಳಿಯಿತು.

ಯೋಚಿಸಿ ನೋಡಿದರೆ ನಾವು ಕಣ್ಣು ಹೋದವರಿಗೂ ಮರೆವು ಬಂದವರಿಗೂ ಕೇಳುವುದು ಒಂದೇ ಪ್ರಶ್ನೆ. ನಾನ್ಯಾರು ಹೇಳು ನೋಡೋಣ? ಕಾಣದವರು ತಪ್ಪಿದರೆ ನಗು. ಮರೆತವರು ತಪ್ಪಿದರೆ ಮನೆಯೆಲ್ಲಾ ಮೌನ, ಆಮೇಲೆ ಒಳಗೆ ಗುಸುಗುಸು. ಬಂದವರು ಹೆಸರು ಹೇಳಿಕೊಂಡು ಒಳಗೆ ಬಂದರೆ ಏನು ಗಂಟು ಹೋಗುತ್ತದೆ? ಎದುರಿಗಿದ್ದವರಿಗೆ ಪರೀಕ್ಷೆ ಇಡುವ ಕೆಲಸ ಯಾಕೆ ಬೇಕು? (ಪರೀಕ್ಷೆ ಇಟ್ಟು ಇಟ್ಟು ರಿಟೈರ್ ಆದವಳು ಕೇಳುತ್ತಿದ್ದೇನೆ.)

ಲೋಟ ತೊಳೆಯಲು ಹಿತ್ತಲಿಗೆ ಹೋದಾಗ ಚಿಕ್ಕಮ್ಮ ಹಿಂದೆಯೇ ಬಂದಳು. ಕಾಫಿಗೆ ಎರಡು ಸಲ ಸಕ್ಕರೆ ಬಿದ್ದಿತ್ತು, ಕುಡಿದಿದ್ದೆ.

"ಅಕ್ಕ ನನ್ ಗುಡ್ಡೆ ಸರಿ ಮಾಡಿದ್ಲಾ?" ಎಂದು ಮೆಲ್ಲಗೆ ಕೇಳಿದಳು.

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಹೂಂ ಎಂದೆ.

"ನಾನು ಒಳಕ್ಕೆ ಬರೋದೇ ಅದಕ್ಕೆ ಕಣವ್ವ. ನಾನು ಎದುರಿಗಿದ್ರೆ ಅವ್ಳು ಮುಟ್ಟಲ್ಲ. ಬೇಜಾರು ಮಾಡ್ಕೊಂತೀನಿ ಅಂತ." ಸೆರಗಿನಲ್ಲಿ ಕೈ ಒರೆಸಿಕೊಂಡಳು. "ನಂಗೆ ಗೊತ್ತು ಅಂತ ಅವ್ಳಿಗೆ ಹೇಳ್ಬೇಡ."

"ಗೊತ್ತಾಗುತ್ತಾ ಚಿಕ್ಕಮ್ಮ ನಿನಗೆ?"

"ಗೊತ್ತಾಯ್ತದೆ. ಏನು ಮರ್ತೆ ಅಂತ ಗೊತ್ತಾಗಲ್ಲ, ಏನೋ ಮರ್ತೆ ಅಂತ ಮಾತ್ರ ಗೊತ್ತಾಯ್ತದೆ."

ಹೋಗಿದ್ದೇ ಗೊತ್ತಾಗುವುದಿಲ್ಲ, ಆರಾಮ ಎಂದು ನಾಲ್ಕು ಜನಕ್ಕೆ ಹೇಳಿದ್ದೆನಲ್ಲ? ಹಿತ್ತಲಿನ ಕಲ್ಲಿನ ಮೇಲೆ ಕೂತು ಅತ್ತೆ. ಚಿಕ್ಕಮ್ಮ ನನ್ನ ಕಣ್ಣಿಗೇನಾಯಿತು ಎಂದು ಕೇಳಿದಳು. ಡ್ರಾಪ್ಸ್ ಉರಿ ಎಂದೆ.

ಇಷ್ಟನ್ನೂ ಬರೆಯದೆ ಇಟ್ಟುಕೊಂಡಿದ್ದೆ, ಇಬ್ಬರಿಗೂ ಮಾತು ಕೊಟ್ಟಿದ್ದೇನಲ್ಲ. ಆದರೆ ಕಳೆದ ತಿಂಗಳು ಚಿಕ್ಕಮ್ಮ ಗ್ಯಾಸ್ ಮೇಲೆ ಬರೀ ಪಾತ್ರೆ ಇಟ್ಟು ತೋಟಕ್ಕೆ ಹೋದಳು. ಮನೆಯವರಿಗೆಲ್ಲ ಗೊತ್ತಾಯಿತು. ಡಾಕ್ಟರಿಗೆ ತೋರಿಸಿದರು, ಮಾತ್ರೆ ಶುರುವಾಗಿದೆ. ಗ್ಯಾಸ್ ಹತ್ತಿರ ಒಬ್ಬಳೇ ಹೋಗುವಂತಿಲ್ಲ ಎಂದರು, ಅದು ಸರಿಯೇ. ಅದರ ಜೊತೆಗೆ ಶಿವು, ಅವ್ವ ಇನ್ನು ಕಾಯಿ ಮುಟ್ಟುವುದು ಬೇಡ ಎಂದೂ ಹೇಳಿದ. ದೊಡ್ಡಮ್ಮ ಅವತ್ತಿನಿಂದ ತಾನೂ ಕಾಯಿ ಮುಟ್ಟಲಿಲ್ಲ. ಅಟ್ಟದಿಂದ ಇಳಿಸಿದ ರಾಶಿ ಮೂರು ದಿನ ನಡುಮನೆಯಲ್ಲಿ ಹಾಗೇ ಕೂತಿತು. ಒಳಗೆ ಹೋಗಬೇಕಾದವರು ದಾಟಿಕೊಂಡು ಹೋದರು.

ಶಿವು ನನಗೆ ಫೋನ್ ಮಾಡಿದ. "ಗಿರಿಜಕ್ಕ, ದೊಡ್ಡವ್ವಂಗೆ ಒಸಿ ಬುದ್ಧಿ ಹೇಳಿ. ಕಾಯಿ ಆರ್ಸೋಕೆ ಇಬ್ರು ಬೇಕಂತೆ. ಇಲ್ಲ ಅಂದ್ರೆ ಮುಟ್ಟಲ್ವಂತೆ."

"ಅವಳು ಹೇಳೋದು ಸರಿ ಶಿವು. ಇಬ್ರು ಬೇಕು" ಎಂದೆ.

"ಆಯ್ತು ಬುಡಿ" ಎಂದ. ನಾಲ್ಕನೇ ದಿನ ಇಬ್ಬರೂ ರಾಶಿಯ ಮುಂದೆ ಕೂತರು. ಚಿಕ್ಕಮ್ಮ ಈಗಲೂ ನಡುವೆ ಒಂದು ಸಲ ಎದ್ದು ಒಳಗೆ ಹೋಗುತ್ತಾಳಂತೆ, ನೀರು ಕುಡಿಯುವ ನೆಪದಲ್ಲಿ.

ಮೊನ್ನೆ ಮತ್ತೆ ಕಣ್ಣಿನ ಚೆಕಪ್ ಇತ್ತು. ಈ ಸಲ ರೆಪ್ಪೆ ಬಡಿಯಲಿಲ್ಲ. ಪ್ರೆಶರ್ ಇಳಿದಿದೆ, ಡ್ರಾಪ್ಸ್ ಬಿಡಬೇಡಿ ಎಂದಳು ಡಾಕ್ಟರ್. ಕಣ್ಣೋ ಬುದ್ಧಿಯೋ ಎಂದು ಕೇಳುವುದನ್ನು ನಾನು ಬಿಟ್ಟಿದ್ದೇನೆ. ಎರಡರಲ್ಲಿ ಯಾವುದು ಹೋದರೂ ಎದುರಿಗೆ ಕೂತು ಗುಡ್ಡೆ ಸರಿ ಮಾಡುವವರೊಬ್ಬರು ಬೇಕು, ಮತ್ತು ಆ ಒಬ್ಬರು ರಕ್ತಸಂಬಂಧವೇ ಆಗಬೇಕಿಲ್ಲ.

ಮನೆಗೆ ಬಂದು ಫೋನ್ ತೆಗೆದೆ. ವಾರಗಿತ್ತಿಯ ನಂಬರ್ ಹುಡುಕಬೇಕಾಗಲಿಲ್ಲ, ನೆನಪಿತ್ತು. ಹೊಸ ಸಿಮ್‌ನಿಂದ ಮಾಡಿದ್ದರಿಂದ ಅವಳಿಗೆ ನನ್ನ ಹೆಸರು ಕಾಣಿಸಿರಲಿಲ್ಲ. ಎರಡನೇ ರಿಂಗಿಗೆ ಎತ್ತಿದಳು.

"ಯಾರು?"

ಮೂರು ವರ್ಷದ ಕೊಬ್ಬು ಗಂಟಲ ತನಕ ಬಂತು, ಯಾರು ಹೇಳು ನೋಡೋಣ ಎನ್ನಬೇಕು ಅನ್ನಿಸಿತು. ಅನ್ನಲಿಲ್ಲ, ಹೆಸರು ಹೇಳಿದೆ.