ಪತ್ರಾ ತೂತಿನ ಸೂರ್ಯ

ನಮ್ಮ ಹಿಂದಿನ ಕೋಣೆಯ ಪತ್ರಾಕ್ಕೆ ಒಂದು ತೂತಿದೆ. ಬಸವಕಲ್ಯಾಣದ ನನ್ನ ಗಂಡನ ಮನೆ ಮುಂದೆಲ್ಲ ಕಲ್ಲಿನದು, ಹಿಂದಿನ ಒಂದು ಕೋಣೆಗೆ ಮಾತ್ರ ತಗಡು ಹೊದಿಸಿದ್ದಾರೆ. ಯಾವಾಗಲೋ ಒಂದು ಮೊಳೆ ಕಿತ್ತುಹೋಗಿ ಆದ ತೂತು ಅದು. ಮುಚ್ಚಿಸು ಎಂದು ಅತ್ತೆ ಮಗನಿಗೆ ಹೇಳುತ್ತಲೇ ಇದ್ದರು, ಐತವಾರ ನೋಡೋಣ ಎಂದು ಮಗ ಅನ್ನುತ್ತಲೇ ಇದ್ದರು. ನನ್ನ ಗಂಡನ ಐತವಾರ ಈ ಜನ್ಮದಲ್ಲಿ ಬರುವಂಥದ್ದಲ್ಲ. ಈಗಂತೂ ಅದನ್ನು ಮುಟ್ಟಲೇಬೇಡ ಎಂದು ಅತ್ತೆಯೇ ಹೇಳಿಬಿಟ್ಟಿದ್ದಾರೆ.

ಮಳೆಗಾಲದಲ್ಲಿ ಆ ತೂತು ಅತ್ತೆಗೆ ವೈರಿ, ಉಳಿದ ದಿನಗಳಲ್ಲಿ ಗಡಿಯಾರ. ಅದರಿಂದ ಬಿಸಿಲು ಇಳಿದು ನೆಲದ ಮೇಲೆ ರೂಪಾಯಿ ನಾಣ್ಯದಷ್ಟು ದುಂಡಗೆ ಬೀಳುತ್ತದೆ. ಅದಕ್ಕೆ ಅವರು ಬಿಲ್ಲೆ ಅನ್ನುತ್ತಾರೆ. ಬಿಲ್ಲೆ ಬೀಸುಕಲ್ಲಿನ ಹತ್ತಿರ ಬಂದರೆ ರೊಟ್ಟಿಯ ಹಂಚನ್ನು ಒಲೆಗಿಡುವ ಹೊತ್ತು, ಹಿಟ್ಟಿನ ಡಬ್ಬಿ ದಾಟಿದರೆ ಊಟ ತಡವಾಯಿತು ಎಂದರ್ಥ. ಗೋಡೆಯ ಗಡಿಯಾರದ ಸೆಲ್ ಸತ್ತು ಎಷ್ಟು ದಿನವಾದರೂ ಅವರಿಗೆ ಗೊತ್ತೇ ಆಗುತ್ತಿರಲಿಲ್ಲ.

ನಾನು ಹುಮನಾಬಾದಿನ ಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ದಿನಾ ಬಸ್ಸಿನಲ್ಲಿ ಹೋಗಿ ಬರುವ ಸಿಟ್ಟನ್ನೆಲ್ಲ ಹುಡುಗರ ಮೇಲೆ ತೀರಿಸಿಕೊಳ್ಳುತ್ತೇನೆ ಎಂದು ಜೊತೆಯ ಮೇಷ್ಟ್ರುಗಳು ನಗುತ್ತಾರೆ. ಸುಳ್ಳೇನಲ್ಲ. ಬೆಳಕು ನೆಟ್ಟಗೆ ಹೋಗುತ್ತದೆ ಎಂದು ತೋರಿಸಲು ಪ್ರತಿವರ್ಷ ರಟ್ಟಿನ ಪೆಟ್ಟಿಗೆಗೆ ಸೂಜಿಯಿಂದ ತೂತು ಮಾಡಿಸಿ, ಎದುರು ಬದಿಗೆ ಎಣ್ಣೆ ಕಾಗದ ಅಂಟಿಸಿ, ಹೊರಗಿನ ಮರ ಅದರ ಮೇಲೆ ತಲೆಕೆಳಗಾಗಿ ಮೂಡುವುದನ್ನು ಮಕ್ಕಳಿಗೆ ತೋರಿಸುತ್ತೇನೆ. ಒಳಗೆ ಬೇರೆ ಬೆಳಕು ಬರಬಾರದು, ಸಂದಿಯೆಲ್ಲ ಮುಚ್ಚಿರೋ ಎಂದು ಗಂಟಲು ಹರಿಯುವಂತೆ ಕೂಗುತ್ತೇನೆ. ಆದರೂ ಒಬ್ಬನಾದರೂ ಸಂದಿ ಬಿಟ್ಟೇ ಬಿಡುತ್ತಾನೆ.

ನಾನು ಆರು ತಿಂಗಳ ಬಸುರಿಯಾಗಿದ್ದಾಗ ಸೂರ್ಯಗ್ರಹಣ ಬಂತು, ಅದೂ ನಡುಹಗಲು. ಮಕ್ಕಳನ್ನೆಲ್ಲ ಮೈದಾನಕ್ಕೆ ಕರೆತಂದು ತೋರಿಸಬೇಕು ಎಂದು ಗ್ರಹಣದ ಕನ್ನಡಕ ತರಿಸಿಟ್ಟಿದ್ದೆ. ಅತ್ತೆ ಹೊಸ್ತಿಲಲ್ಲಿ ಅಡ್ಡ ಕೂತರು. ನಾನು ಸುಮ್ಮನಿರುವ ಪೈಕಿಯೇ? ಲಿಂಗ ಕಟ್ಟಿದ ನಮ್ಮವರಿಗೆ ಸೂತಕ ಇಲ್ಲ ಎಂದು ಊರಿನ ಕಾರ್ಯಕ್ರಮಗಳಲ್ಲಿ ಹೇಳಿದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುವವರು ನೀವೇ ಅಲ್ಲವೇ ಎಂದು ಕೇಳಿದೆ.

"ಸೂತಕ ಬ್ಯಾರೆ, ಫಿಕರ್ ಬ್ಯಾರೆ," ಅಂದರು ಅತ್ತೆ. ಇಂಥ ಚಿಂತೆಗೆ ಯಾವ ಪಠ್ಯಪುಸ್ತಕದಲ್ಲೂ ಉತ್ತರವಿಲ್ಲ.

ಅಷ್ಟರಲ್ಲಿ ನನ್ನ ಗಂಡನ ಅಕ್ಕನ ಫೋನು ಬಂತು. ಆಕೆಯನ್ನು ಹಳ್ಳಿಖೇಡಕ್ಕೆ ಕೊಟ್ಟಿದ್ದಾರೆ. ಕಬ್ಬಿನ ಟ್ರಾಕ್ಟರು ಮನೆ ಮುಂದೆ ನಿಂತು ಹಾರ್ನ್ ಬಾರಿಸಿದರೂ ಮಾತು ನಿಲ್ಲಿಸದ ಹೆಂಗಸು. ಆಕೆಯ ಮೇಲ್ತುಟಿಯ ಮೇಲೆ ಒಂದು ಸಣ್ಣ ಗೆರೆ ಇದೆ. ಹುಟ್ಟುವಾಗ ತುಟಿ ಸೀಳಿತ್ತು, ಎಳವೆಯಲ್ಲೇ ಹೊಲಿಸಿದ್ದಾರೆ ಎಂಬುದಷ್ಟೇ ನನಗೆ ಗೊತ್ತಿತ್ತು. ಉಳಿದದ್ದನ್ನು ಆಕೆ ಅವತ್ತು ಹೇಳಿದಳು. ಆಕೆ ಹೊಟ್ಟೆಯಲ್ಲಿದ್ದಾಗ ಹೀಗೇ ಒಂದು ಗ್ರಹಣ ಬಂದಿತ್ತು. ಹೊಲಕ್ಕೆ ಬುತ್ತಿ ಕಳಿಸಬೇಕಿತ್ತು ಎಂದು ಅತ್ತೆ ಈಳಿಗೆಯ ಮುಂದೆ ಕೂತು ಬದನೆಕಾಯಿ ಹೆಚ್ಚಿದ್ದರು. ಮಗು ಹುಟ್ಟಿದ ಮೇಲೆ, ಗ್ರಹಣದಲ್ಲಿ ಹೆಚ್ಚಿದ್ದಕ್ಕೇ ತುಟಿ ಸೀಳಿತು ಎಂದು ಓಣಿಯ ಹೆಂಗಸರೆಲ್ಲ ಅವರತ್ತಲೇ ಬೆರಳು ತೋರಿಸಿದರು.

"ನನ್ನ ಮಾರಿ ನೋಡಿದಾಗೆಲ್ಲ ಅವ್ವಗ ಈಳಿಗಿ ಕಾಣ್ತದ," ಅಂದಳು. "ನಾ ಎಷ್ಟ ಹೇಳಿದ್ರೂ ಕೇಳಂಗಿಲ್ಲ. ನೀ ಒಂದ ದಿನ ಮಲಗವ್ವ."

ಮಲಗಿದೆ. ಸೂರ್ಯನನ್ನು ನೋಡದೆ ಮಲಗುತ್ತಿದ್ದೇನಲ್ಲ ಎಂದು ಗೊಣಗುತ್ತಲೇ ಹಿಂದಿನ ಕೋಣೆಯಲ್ಲಿ ಮಲಗಿದೆ. ನೇರ ಮಲಗಬೇಕು, ಕಾಲು ಮಡಚಬಾರದು, ಮೈ ಕೆರೆಯಬಾರದು, ಜಾಗ ಬಿಟ್ಟು ಕದಲಬಾರದು. ಅತ್ತೆ ಕಿಟಕಿಗೆ ಕಂಬಳಿ ಕಟ್ಟಿದರು. ಬಾಗಿಲ ಸಂದಿಗೆ ಹಳೆ ಸೀರೆ ತುರುಕಿದರು. ಬಾಗಿಲ ಕೆಳಗಿನ ಬೆಳಕಿಗೆ ಕೌದಿ ಸುತ್ತಿಟ್ಟರು. ನನ್ನ ಕೈ ನನಗೇ ಕಾಣದಷ್ಟು ಕತ್ತಲಾಯಿತು. ಆಮೇಲೆ ನನ್ನ ಪಕ್ಕದಲ್ಲಿ ಕೂತು, ಕಣ್ಣು ಮುಚ್ಚಿ ಶಿವಶಿವಾ ಅನ್ನತೊಡಗಿದರು.

ದಿನಾ ಕಾಣುವ ವಸ್ತುವಿನ ಕಡೆ ಯಾರ ಗಮನವೂ ಹೋಗುವುದಿಲ್ಲ. ಪತ್ರಾದ ತೂತು ಇಬ್ಬರಿಗೂ ನೆನಪಾಗಿರಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಕಡೆ ಕಣ್ಣು ಹೊರಳಿಸಿದೆ. ನನ್ನ ಮಗ್ಗುಲಲ್ಲಿ, ನೆಲದ ಮೇಲೆ ಬಿಲ್ಲೆ ಬಿದ್ದಿತ್ತು. ಯಾವತ್ತಿಗಿಂತಲೂ ಹೊಳೆಯುತ್ತಿತ್ತು. ಅದರ ಒಂದು ಬದಿಯನ್ನು ಯಾರೋ ರೊಟ್ಟಿಯಂತೆ ಕಚ್ಚಿ ತಿಂದಿದ್ದರು.

ಅಯ್ಯೋ ಶಿವನೇ, ನಾನು ಪೆಟ್ಟಿಗೆಯ ಒಳಗೇ ಇದ್ದೆ! ಸಂದಿ ಮುಚ್ಚಿ ಎಂದು ನಾನು ಕೂಗಿ ಕೂಗಿ ಸಾಯುವ ಕೆಲಸವನ್ನು ಅತ್ತೆ ಒಂದೇ ಏಟಿಗೆ ಮಾಡಿ ಮುಗಿಸಿದ್ದರು. ಮೊಳೆಯ ತೂತು ಸೊಟ್ಟಗಿದ್ದರೂ ಬಿಲ್ಲೆ ದಿನಾ ದುಂಡಗೆ ಬೀಳುತ್ತಿದ್ದದ್ದು ಇದಕ್ಕೇ. ಅದು ತೂತಿನ ಆಕಾರವಲ್ಲ, ಸೂರ್ಯನ ಚಿತ್ರ. ಸೂರ್ಯನ ಮೇಲಂಚಿನ ಬೆಳಕು ತೂತಿನಲ್ಲಿ ನೆಟ್ಟಗೆ ತೂರಿ ಕೆಳಗೆ ಬೀಳುತ್ತದೆ, ಕೆಳಂಚಿನದು ಮೇಲೆ. ಇವತ್ತು ಸೂರ್ಯನಿಗೇ ಚಂದ್ರ ಅಡ್ಡ ಬಂದಿದ್ದ, ಹಾಗಾಗಿ ಬಿಲ್ಲೆಯೂ ಅರೆಯಾಗಿತ್ತು. ಗ್ರಹಣ ನನ್ನ ಹೊಟ್ಟೆಗೆ ಸೋಕಬಾರದು ಎಂದು ಅತ್ತೆ ಕತ್ತಲೆ ಮಾಡಿದಷ್ಟೂ ಗ್ರಹಣ ಚೊಕ್ಕವಾಗಿ ಒಳಗೆ ಬಂದು ಕೂತಿತ್ತು.

ಸೂರ್ಯ ಪಡುವಣಕ್ಕೆ ಸರಿದಂತೆ ಬಿಲ್ಲೆ ಮೂಡಣಕ್ಕೆ ಬರುತ್ತದೆ. ಮೂಡಣಕ್ಕೆ ಇದ್ದವಳು ನಾನು. ಅದು ನಾನು ಮಲಗಿದ್ದ ಕೌದಿ ಹತ್ತಿತು, ಸೀರೆಯ ಸೆರಗು ಹತ್ತಿತು, ಆಮೇಲೆ ಹೊಟ್ಟೆ ಹತ್ತಿತು. ಕದಲಬಾರದು ಎಂದು ಅಪ್ಪಣೆಯಾಗಿದೆ, ನಾನು ಕದಲಲಿಲ್ಲ. ಆದರೆ ನಗು ತಡೆಯುವುದು ಹೇಗೆ? ಹೊಟ್ಟೆ ಕುಲುಕಿತು, ಅದರ ಮೇಲಿನ ಸೂರ್ಯನೂ ಕುಲುಕಿದ. ಅತ್ತೆ ಕಣ್ಣು ತೆರೆದರು.

ಪಕ್ಕಕ್ಕೆ ಸರಿ ಎಂದರು. ಮರುಕ್ಷಣವೇ ಬೇಡ, ಕದಲಬೇಡ ಎಂದರು. ಎರಡು ಕಟ್ಟಳೆಗಳ ನಡುವೆ ಸಿಕ್ಕಿಬಿದ್ದಿದ್ದರು ಪಾಪ. ಕೊನೆಗೆ ಲಿಂಗ ಹಿಡಿಯುವ ಎಡಗೈಯನ್ನೇ ನನ್ನ ಹೊಟ್ಟೆಯ ಮೇಲೆ ಚಾಚಿದರು. ಕಚ್ಚಿದ ಸೂರ್ಯ ಅವರ ಅಂಗೈಗೆ ಇಳಿದ. ಇನ್ನೊಂದು ಕೈಯಿಂದ ನನ್ನ ಕೈ ಗಟ್ಟಿಯಾಗಿ ಹಿಡಿದರು. ನನ್ನ ನಗು ಅಲ್ಲಿಗೇ ನಿಂತಿತು.

ಹೆದರಬೇಡಿ, ಇದು ನಿಮ್ಮ ಬಿಲ್ಲೆಯೇ ಎಂದೆ. ದಿನಾ ರೊಟ್ಟಿಯ ಹೊತ್ತು ಹೇಳುವ ಅದೇ ಬೆಳಕು, ಇವತ್ತು ಚಂದ್ರ ಅಡ್ಡ ಬಂದದ್ದಕ್ಕೆ ಸ್ವಲ್ಪ ಕಡಿಮೆ ಬಂದಿದೆ, ಹೊಸದೇನೂ ಸೇರಿಕೊಂಡಿಲ್ಲ ಎಂದೆ. ನೀವು ಕಣ್ಣು ಮುಚ್ಚಿದ್ದಾಗಲೇ ಅದು ಹೊಟ್ಟೆಯ ಮೇಲೆ ಬಂದಿತ್ತು ಎಂಬುದನ್ನೂ ಹೇಳಿದೆ. ಅತ್ತೆ ಅಂಗೈಯನ್ನು ಹತ್ತಿರ ತಂದು, ದೂರ ಹಿಡಿದು ನೋಡಿದರು. ನಾವು ನೋಡುತ್ತಿದ್ದಂತೆಯೇ ಕಚ್ಚಿದ ಜಾಗ ಚೂರುಚೂರೇ ತುಂಬತೊಡಗಿತು. ಅದನ್ನೇ ನೋಡುತ್ತ ಕೇಳಿದರು.

"ಅವತ್ತೂ ಇದಽ ಇತ್ತೇನು?"

"ಅವತ್ತೂ ಇದಽ ಇತ್ರಿ ಅತ್ತಿ. ಬರೇ ನೆರಳು. ಈಳಿಗಿಗೂ ಅದಕ್ಕೂ ಏನೂ ಸಂಬಂಧ ಇಲ್ಲ."

ಅತ್ತೆ ನನ್ನ ಮುಖ ನೋಡಿದರು, ಬಿಲ್ಲೆ ನೋಡಿದರು. ಆಮೇಲೆ ನಿಧಾನವಾಗಿ ಕೈ ತೆಗೆದರು. ಸೂರ್ಯ ಮತ್ತೆ ಹೊಟ್ಟೆಯ ಮೇಲೆ ಬಿದ್ದ. ಅದು ತುಂಬಿ ದುಂಡಗಾಗಿ ಆಚೆ ಬದಿಗೆ ಇಳಿಯುವವರೆಗೂ ಕೂತು ನೋಡಿದರು. ಆಮೇಲೆ ಎದ್ದು ಕಂಬಳಿ ಬಿಚ್ಚಿ, ರೊಟ್ಟಿಗೆ ತಡವಾಯಿತು ಎಂದು ಗೊಣಗುತ್ತ ಒಲೆ ಹಚ್ಚಿದರು.

ಅವರ ಫಿಕರ್ ಅಲ್ಲಿಗೇ ಮುಗಿಯಲಿಲ್ಲ. ನನ್ನ ಮಾತು ಕೇಳಿ ಕೈ ತೆಗೆದದ್ದು ಅವರು. ಏನಾದರೂ ಆದರೆ ಎರಡನೇ ಸಲವೂ ತಾನೇ ಮಾಡಿದಂತಾಗುತ್ತದೆ ಎಂದು ಒಳಗೊಳಗೇ ಬೇಯುತ್ತಿದ್ದರು. ಹೆರಿಗೆಗೆ ಹುಮನಾಬಾದಿನ ತವರಿಗೆ ಹೊರಟಾಗ ಬಸ್ ಸ್ಟ್ಯಾಂಡಿಗೆ ಬಂದು, ಜನ ನೋಡುತ್ತಿದ್ದರೂ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕಳಿಸಿದರು. ನನಗೂ ಆಗ ಸ್ವಲ್ಪ ಹೆದರಿಕೆಯಾಯಿತು. ಗ್ರಹಣಕ್ಕಲ್ಲ, ಅವರಿಗಾಗಿ.

ಹೆಣ್ಣು ಮಗು ಹುಟ್ಟಿತು. ಮಧ್ಯಾಹ್ನದ ಬಸ್ಸಿಗೆ ಅತ್ತೆ ಮತ್ತು ಅವರ ಮಗಳು ಇಬ್ಬರೂ ಆಸ್ಪತ್ರೆಗೆ ಬಂದರು. ನನ್ನ ಗಂಡನ ಅಕ್ಕ ಕೂಸನ್ನು ಎತ್ತಿಕೊಂಡು, ಮೂಗು ನಮ್ಮ ತಮ್ಮನದು, ಗತಿಗೆಟ್ಟಿತು ಎಂದು ಶುರು ಮಾಡಿದಳು. ಅತ್ತೆ ಕೂಸಿನ ಮೂಗನ್ನಾಗಲಿ ಬಣ್ಣವನ್ನಾಗಲಿ ನೋಡಲಿಲ್ಲ. ತೋರುಬೆರಳಿನಿಂದ ಅದರ ಮೇಲ್ತುಟಿಯನ್ನು ಈ ಕೊನೆಯಿಂದ ಆ ಕೊನೆಗೆ ಮುಟ್ಟಿದರು. ಕೂಸು ಬೆರಳು ಚೀಪಲು ಬಾಯಿ ತೆರೆಯಿತು. ಅದೇ ಬೆರಳನ್ನು ಅವರು ಮಗಳ ತುಟಿಯ ಮೇಲಿನ ಗೆರೆಗೆ ತಂದರು.

"ಇದು ನಾ ಮಾಡಿದ್ದಲ್ಲವ್ವ," ಅಂದರು.

ಟ್ರಾಕ್ಟರಿನ ಹಾರ್ನಿಗೂ ನಿಲ್ಲದ ಬಾಯಿ ನಿಂತುಬಿಟ್ಟಿತು. ತಾಯಿಯ ಬೆರಳನ್ನು ತುಟಿಯ ಮೇಲೆಯೇ ಆಕೆ ಒತ್ತಿ ಹಿಡಿದುಕೊಂಡಳು.