ಗ್ರಹಣದ ನೀರು

ಅಕ್ಕ ಅವತ್ತು ಎಷ್ಟು ಬಕೆಟ್ ನೀರು ಸುರಿದಳೋ ನನಗೆ ಖಚಿತವಾಗಿ ಗೊತ್ತಿಲ್ಲ. ನಾಲ್ಕು ಎಂದು ಹೇಳಿಕೊಂಡು ಬಂದಿದ್ದೇನೆ. ಮೊದಮೊದಲು ಎರಡು ಎನ್ನುತ್ತಿದ್ದೆ. ಸುರಿಯುವುದನ್ನು ಕಣ್ಣಾರೆ ನೋಡಿದೆಯಾ ಎಂದು ಯಾರಾದರೂ ಪಟ್ಟು ಹಿಡಿದು ಕೇಳಿದರೆ ಅದಕ್ಕೂ ನನ್ನಲ್ಲಿ ಉತ್ತರವಿಲ್ಲ. ನಾನು ಬಾಗಿಲು ತೆಗೆದಾಗ ಹಾಲ್‌ನ ನೆಲ ಒದ್ದೆಯಾಗಿತ್ತು. ಅಕ್ಕ ಸೆರಗು ಸಿಕ್ಕಿಸಿಕೊಂಡು, ಕಡ್ಡಿಪೊರಕೆ ಹಿಡಿದು ನಿಂತಿದ್ದಳು. ಇಷ್ಟು ನಿಜ ಅಂದುಕೊಂಡಿದ್ದೇನೆ.

ಬನಶಂಕರಿ ಮೂರನೇ ಹಂತದಲ್ಲಿ, ಇಟ್ಟಮಡು ಕಡೆಗೆ ಹೋಗುವ ರಸ್ತೆಯಲ್ಲಿ ನನ್ನ ಫ್ಲ್ಯಾಟ್. ಹಾಲ್‌ಗೆ ಮರದ ನೆಲ ಹಾಕಿಸಿದ್ದು ನನ್ನ ಶೋಕಿ. ಅಕ್ಕ ನನಗಿಂತ ಒಂಬತ್ತು ವರ್ಷ ದೊಡ್ಡವಳು, ಭಾವ ತೀರಿಕೊಂಡ ಮೇಲೆ ನನ್ನ ಜೊತೆ ಇರಲು ಬಂದವಳು. ಬಂದ ದಿನವೇ ಆ ಹಲಗೆಗಳ ಮೇಲೆ ನಿಂತು, ಇದನ್ನು ತೊಳೆಯುವುದು ಹೇಗೆ ಎಂದು ಕೇಳಿದಳು. ತೊಳೆಯಬಾರದು, ಚೆನ್ನಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಬೇಕು ಎಂದೆ.

“ತೊಳೆಯೋಕಾಗದ್ದನ್ನ ನೆಲ ಅಂತಾರೇನೋ?” ಅಂದಳು.

ಅಲ್ಲಿಂದ ಶುರು. ಅವಳ ಮಡಿಯನ್ನು ನಾನು ಆಡಿಕೊಂಡೆ. ನನ್ನ ಬಕೆಟ್ಟನ್ನು ಅವಳು ಆಡಿಕೊಂಡಳು. ಕುಡಿಯುವ ನೀರಿನ ಫಿಲ್ಟರ್ ಹೊರಗೆ ಬಿಡುವ ನೀರನ್ನು ನಾನು ಅಡುಗೆಮನೆ ಬಾಗಿಲ ಪಕ್ಕ ಒಂದು ನೀಲಿ ಬಕೆಟ್ಟಿಗೆ ಹಿಡಿಯುತ್ತಿದ್ದೆ, ಗಿಡಕ್ಕೆ, ಟಾಯ್ಲೆಟ್ಟಿಗೆ. ಅದು ತುಂಬಿ ಹರಿಯುತ್ತೆ, ಬಚ್ಚಲಲ್ಲಿಡು ಎಂದು ಅವಳು ಎಷ್ಟು ಸಲ ಹೇಳಿದಳೋ. ನಾನು ಪ್ರತಿ ಸಲವೂ ಈ ಊರಿನ ನೀರಿನ ಅಭಾವದ ಬಗ್ಗೆ ಉಪನ್ಯಾಸ ಕೊಟ್ಟೆ. ಬೋರ್‌ವೆಲ್ ಬತ್ತುವುದಕ್ಕೆ ದರ್ಭೆ ಪರಿಹಾರವಲ್ಲ ಎಂದೂ ಸೇರಿಸಿದೆ.

ಆ ಗ್ರಹಣ ಸಂಜೆಯ ಹೊತ್ತಿನದು. ಮಧ್ಯಾಹ್ನವೇ ಅಕ್ಕ ಉಪ್ಪಿನಕಾಯಿ ಜಾಡಿ, ಮೊಸರು, ಕೊನೆಗೆ ನನ್ನ ಫಿಲ್ಟರಿನ ಮೇಲೂ ದರ್ಭೆ ಇಟ್ಟಳು. ಫಿಲ್ಟರಿನದನ್ನು ನಾನು ಎರಡು ಬೆರಳಲ್ಲಿ ಎತ್ತಿ, ಅವಳು ನೋಡುತ್ತಿರುವಾಗಲೇ ಕಸದ ಬುಟ್ಟಿಗೆ ಹಾಕಿದೆ. ಗ್ರಹಣ ಹಿಡಿದಿರುವಾಗ ಹೊರಗೆ ಹೋಗಿ ಮಸಾಲೆ ದೋಸೆ ತಿಂದೆ. ಹಸಿವೇನೂ ಇರಲಿಲ್ಲ. ವಾಪಸ್ ಬರುವಷ್ಟರಲ್ಲಿ ಗ್ರಹಣ ಬಿಟ್ಟಿತ್ತು, ಅವಳ ತಲೆಸ್ನಾನ ಮುಗಿದಿತ್ತು, ನೆಲ ಒದ್ದೆಯಾಗಿತ್ತು.

ಮಾರನೆಯ ದಿನ ಅಡುಗೆಮನೆ ಬಾಗಿಲ ಹತ್ತಿರ ಹಲಗೆಗಳ ಅಂಚು ಮೇಲೆದ್ದಿರುವುದು ಕಣ್ಣಿಗೆ ಬಿತ್ತು. ಅಕ್ಕನನ್ನು ಕರೆದು ತೋರಿಸಿದೆ. ಅಪರಾಧಿಯನ್ನು ಸ್ಥಳಕ್ಕೆ ಕರೆತಂದು ತೋರಿಸುವ ಹಾಗೆ.

“ಅಲ್ಲಿ ಮೊದಲೇ ಎದ್ದಿತ್ತು ಕಣೋ. ನಾನು ಎಡವಿ ಹೆಬ್ಬೆರಳು ಜಜ್ಜಿಕೊಳ್ಳಲಿಲ್ವಾ?”

“ಹಾಗಾದ್ರೆ ನಿನ್ನ ರಾಹುನೇ ಬಂದು ಎಬ್ಬಿಸಿರಬೇಕು.”

“ಇಷ್ಟೆಲ್ಲ ಓದಿದ್ದು ಅಕ್ಕನ್ನ ಸುಳ್ಳುಗಾತಿ ಅನ್ನೋದಕ್ಕಾ?”

ಓದಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದೆ. ಅವಳ ಹೆಬ್ಬೆರಳಿಗೆ ಬಟ್ಟೆ ಸುತ್ತಿದ್ದ ನೆನಪು ನನಗೆ ಇತ್ತೋ, ಆಮೇಲೆ ಹುಟ್ಟಿಕೊಂಡಿತೋ, ಹೇಳಲಾರೆ.

ರಿಪೇರಿಗೆ ಬಂದವರು ಗದಗ ಕಡೆಯ ಬಡಗಿ. ಬಿಟಿಎಂ ಲೇಔಟ್‌ನಲ್ಲಿ ಬಾಡಿಗೆಗಿದ್ದರು. ಒಂದು ಹಲಗೆ ಮೀಟಿ, ತಿರುಗಿಸಿ, ಮೂಗಿನ ಹತ್ತಿರ ಹಿಡಿದರು. ಅಡಿಭಾಗ ಕಪ್ಪಗಾಗಿತ್ತು, ಮುಗ್ಗಲು ವಾಸನೆ ನಾನು ನಿಂತಲ್ಲಿಗೂ ಬಂತು.

“ಇದು ಒಂದಿನದ ನೀರಲ್ರೀ ಸರ. ಭಾಳ ದಿನದಿಂದ ಕುಡದೈತಿ.”

ಹಾಲ್ ಪೂರ್ತಿ ಕೀಳಿಸಿ ಹೊಸ ಹಲಗೆ ಹಾಕಿಸಲು ಹೂಡಿದ ಮಾತಿದು ಎಂದು ತೀರ್ಮಾನಿಸಿದೆ. ಯಾರ ಮಾತನ್ನೂ ಸುಮ್ಮನೆ ನಂಬಬಾರದು ಎಂಬುದನ್ನು ನಾನು ಕಲಿತಿದ್ದೆ. ನನ್ನ ಮಾತನ್ನು ಮಾತ್ರ ಆ ಲೆಕ್ಕಕ್ಕೆ ಸೇರಿಸಿರಲಿಲ್ಲ. ಹಾಳಾದಷ್ಟನ್ನು ಬದಲಾಯಿಸಿ ಸಾಕು ಎಂದೆ. ಅಕ್ಕ ಅಡುಗೆಮನೆಯಲ್ಲೇ ಇದ್ದಳು. ಬಡಗಿಯ ಮಾತು ಕೇಳಿಸಿಕೊಂಡಿದ್ದರೂ ಹೊರಗೆ ಬರಲಿಲ್ಲ. ಬಂದು, ಕೇಳಿದೆಯಾ ಎಂದಿದ್ದರೆ ಅವಳ ಜೊತೆ ಇನ್ನೊಂದು ಸುತ್ತು ಜಗಳವಾಡಲು ನಾನು ತಯಾರಿದ್ದೆ.

ವಾರದೊಳಗೆ ಅವಳು ತ್ಯಾಗರಾಜನಗರದ ನಾದಿನಿ ಮನೆಗೆ ಹೊರಟಳು. ಎರಡು ಬ್ಯಾಗು, ಒಂದು ದೇವರ ಪೆಟ್ಟಿಗೆ. ಅವನ್ನು ಆಟೋದವರೇ ಕೆಳಗೆ ಇಳಿಸಿಕೊಂಡು ಹೋದರು. ನಾನು ಲ್ಯಾಪ್‌ಟಾಪ್ ಮುಂದಿನಿಂದ ಏಳಲಿಲ್ಲ.

ಆಮೇಲೆ ಸ್ನೇಹಿತರ ನಡುವೆ ಈ ಕಥೆ ಚೆನ್ನಾಗಿ ಓಡಿತು. ಗ್ರಹಣದ ಮೈಲಿಗೆ ತೆಗೆಯಲು ಹೋಗಿ ನೆಲವನ್ನೇ ತೆಗೆದ ಅಕ್ಕ. ಎಲ್ಲರೂ ನಗುತ್ತಿದ್ದರು. ಬಕೆಟ್ಟುಗಳು ಹೆಚ್ಚಿದ್ದು ಬಹುಶಃ ಆ ನಗುವಿಗೇ.

ಮೊನ್ನೆ ಫೋನಿನಲ್ಲಿ ಬೇರೇನೋ ಹುಡುಕುವಾಗ ಒಂದು ಫೋಟೊ ಸಿಕ್ಕಿತು. ಹಳೆಯ ಬೆತ್ತದ ಕುರ್ಚಿ ಮಾರಲೆಂದು ನಾನೇ ತೆಗೆದದ್ದು. ಕುರ್ಚಿಯ ಹಿಂದೆ ಅಡುಗೆಮನೆ ಬಾಗಿಲು, ಅಂಚಿನವರೆಗೆ ತುಂಬಿದ ನೀಲಿ ಬಕೆಟ್ಟು. ಅದರ ಮುಂದೆ ಎರಡು ಹಲಗೆಗಳ ಅಂಚು ಎದ್ದು ನಿಂತು, ಕಿಟಕಿಯ ಬೆಳಕಿಗೆ ಗೆರೆಯಾಗಿ ಹೊಳೆಯುತ್ತಿದೆ.

ಅವಳು ಬಿಟ್ಟುಹೋದ ಕ್ಯಾಲೆಂಡರನ್ನು ನಾನು ಮೊಳೆಯಿಂದ ತೆಗೆದಿರಲಿಲ್ಲ. ಗ್ರಹಣದ ದಿನಕ್ಕೆ ಅವಳು ಕೆಂಪು ಪೆನ್ನಿನಲ್ಲಿ ಸುತ್ತು ಹಾಕಿದ್ದಳು. ಅವಳ ಗುರುತನ್ನೂ ನಂಬದೆ ಪಂಚಾಂಗ ತೆಗೆದು ನೋಡಿದೆ. ಸರಿಯಾಗಿತ್ತು. ತ್ಯಾಗರಾಜನಗರ ಇಲ್ಲಿಂದ ದೂರವೇನಲ್ಲ, ಆದರೂ ಇನ್ನೂ ಹೋಗಿಲ್ಲ. ಫೋಟೊ ತೆಗೆದದ್ದು ಗ್ರಹಣಕ್ಕೆ ಹನ್ನೊಂದು ದಿನ ಮೊದಲು.